ಒಂದು ಮೂಲೆಯಿಂದ ಅಳೆದ ಊರು: ಸಾಲ್ಟ್ ಲೇಕ್ ಸಿಟಿಯ ಕಟ್ಟಡಗಳು, ವ್ಯಾಪಾರ ಮತ್ತು ಅವುಗಳ ಕೆಳಗಿನ ನೆಲ

ಅಮೆರಿಕದ ಯೂಟಾ ರಾಜ್ಯದ ರಾಜಧಾನಿ ಸಾಲ್ಟ್ ಲೇಕ್ ಸಿಟಿಗೆ ಹೊಸದಾಗಿ ಹೋದವರನ್ನು ಮೊದಲು ತಬ್ಬಿಬ್ಬುಗೊಳಿಸುವುದು ಅಲ್ಲಿನ ವಿಳಾಸಗಳು. ಬಹಳಷ್ಟು ಬೀದಿಗಳಿಗೆ ಹೆಸರೇ ಇಲ್ಲ. ಒಂದು ಸಂಖ್ಯೆ, ಒಂದು ದಿಕ್ಕು, ಅಷ್ಟೆ. '350 ಈಸ್ಟ್, 400 ಸೌತ್' ಎಂದು ಬರೆದುಕೊಟ್ಟರೆ ಅದು ಮನೆಯ ಸಂಖ್ಯೆಯೋ, ಬೀದಿಯ ಸಂಖ್ಯೆಯೋ, ಬಸ್ಸಿನ ಸಂಖ್ಯೆಯೋ ಎಂದು ಯೋಚಿಸುವಂತಾಗುತ್ತದೆ. ಅದರ ಅರ್ಥ ಇಷ್ಟೇ: ಊರಿನ ಮೂಲಬಿಂದುವಿನಿಂದ ನಾಲ್ಕು ಬ್ಲಾಕು ದಕ್ಷಿಣಕ್ಕಿರುವ ಬೀದಿಯಲ್ಲಿ, ಮೂರೂವರೆ ಬ್ಲಾಕು ಪೂರ್ವಕ್ಕೆ ನೀವು ಹುಡುಕುವ ಬಾಗಿಲಿದೆ. ಬೆಂಗಳೂರಿನ ಬಡಾವಣೆಗಳಲ್ಲಿ ಮೇನ್, ಕ್ರಾಸ್ ಎಂದು ಎಣಿಸುವುದು ನಮಗೆಲ್ಲ ರೂಢಿಯಾಗಿದೆ. ಆದರೆ ಅಲ್ಲಿ ಪ್ರತಿ ಬಡಾವಣೆಯಲ್ಲೂ ಎಣಿಕೆ ಒಂದರಿಂದ ಮತ್ತೆ ಶುರುವಾಗುತ್ತದೆ. ಇಲ್ಲಿ ಹಾಗಲ್ಲ. ನಗರ ಮಾತ್ರವಲ್ಲದೆ ಅದರ ಸುತ್ತಲಿನ ಕಣಿವೆಯ ಬಹುಪಾಲು ಊರುಗಳು ಕೂಡ ಒಂದೇ ಬಿಂದುವಿನಿಂದ ತಮ್ಮ ದೂರವನ್ನು ಎಣಿಸಿಕೊಂಡಿವೆ.

ಆ ಬಿಂದು ಇರುವುದು ಟೆಂಪಲ್ ಸ್ಕ್ವೇರ್ ಎಂಬ ಪವಿತ್ರ ಆವರಣದ ಆಗ್ನೇಯ ಮೂಲೆಯಲ್ಲಿ, ಮೇನ್ ಸ್ಟ್ರೀಟ್ ಮತ್ತು ಸೌತ್ ಟೆಂಪಲ್ ಬೀದಿಗಳು ಕೂಡುವಲ್ಲಿ. 1847ರ ಆಗಸ್ಟ್ ತಿಂಗಳಲ್ಲಿ ಆರ್ಸನ್ ಪ್ರಾಟ್ ಎಂಬಾತ ಅಲ್ಲಿ ನಿಂತು ಅಳತೆ ಆರಂಭಿಸಿದ. 1855ರಲ್ಲಿ ಅಮೆರಿಕ ಸರ್ಕಾರದ ಭೂಮಾಪಕರು ಬಂದಾಗ ಅದೇ ಮೂಲೆಯನ್ನು ಇಡೀ ಪ್ರಾಂತದ ಭೂಮಾಪನೆಯ ಆಧಾರಬಿಂದುವನ್ನಾಗಿ ಒಪ್ಪಿಕೊಂಡರು. ಈ ನಗರದ ಹೆಗ್ಗುರುತುಗಳನ್ನು ಒಂದೊಂದಾಗಿ ನೋಡಿದರೆ ಅವು ಬಿಡಿ ಚಿತ್ರಗಳಂತೆ ಕಾಣುತ್ತವೆ. ಈ ಮೂಲೆಯಿಂದ ದಕ್ಷಿಣಕ್ಕೆ ಮೇನ್ ಸ್ಟ್ರೀಟಿನಲ್ಲಿ ನಡೆಯುತ್ತಾ ಹೋದರೆ, ಯಾವ ಕಟ್ಟಡ ಮೂಲಬಿಂದುವಿಗೆ ಎಷ್ಟು ಹತ್ತಿರ ನಿಂತಿದೆ ಎಂಬುದರಲ್ಲೇ ಅದನ್ನು ಕಟ್ಟಿಸಿದವರು ಯಾರು, ಯಾರ ಎದುರಿಗೆ ಕಟ್ಟಿಸಿದರು ಎಂಬುದು ತಿಳಿಯುತ್ತದೆ.

ಹಿನ್ನೆಲೆ ಸ್ವಲ್ಪ ಬೇಕು. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಲೇಟರ್-ಡೇ ಸೇಂಟ್ಸ್ ಚರ್ಚಿನ ಅನುಯಾಯಿಗಳನ್ನು ಜನ ಮಾರ್ಮನ್ನರು ಎಂದು ಕರೆಯುತ್ತಾ ಬಂದರು. ನೆಲೆ ನಿಂತ ಕಡೆಯಲ್ಲೆಲ್ಲ ಸುತ್ತಲಿನವರೊಡನೆ ಘರ್ಷಣೆಯಾಗಿ, 1844ರಲ್ಲಿ ಇಲಿನಾಯ್ ರಾಜ್ಯದಲ್ಲಿ ಸ್ಮಿತ್ ಕೊಲೆಯಾದ ಮೇಲೆ, ಚರ್ಚಿನ ಮುಂದಾಳಾದ ಬ್ರಿಗಮ್ ಯಂಗ್ ಈ ಅನುಯಾಯಿಗಳನ್ನು ಪಶ್ಚಿಮಕ್ಕೆ ನಡೆಸಿಕೊಂಡು ಬಂದ. 1847ರ ಜುಲೈನಲ್ಲಿ ಅವರು ಈ ಕಣಿವೆಗೆ ಇಳಿದಾಗ ಇದು ಲೆಕ್ಕಕ್ಕೆ ಮೆಕ್ಸಿಕೋದ ನೆಲ, ವಾಸ್ತವದಲ್ಲಿ ಶೋಶೋನಿ, ಯೂಟ್ ಮತ್ತು ಗೋಶೂಟ್ ಜನರು ಓಡಾಡಿಕೊಂಡಿದ್ದ ನೆಲ. ಬಂದ ಕೆಲವೇ ದಿನಗಳಲ್ಲಿ ಯಂಗ್ ದೇವಾಲಯದ ಜಾಗವನ್ನು ಗುರುತಿಸಿದ. ಊರನ್ನು ಅದರ ಸುತ್ತ ಗೀಚಲಾಯಿತು.

ಗೀಚಿದ ರೇಖೆಗಳು ಅಸಾಧಾರಣ ಗಾತ್ರದವು. ಪ್ರತಿ ಬ್ಲಾಕು 10 ಎಕರೆ, ಅಂದರೆ ಒಂದೊಂದು ಬದಿಯೂ 660 ಅಡಿ. ಪ್ರತಿ ಬೀದಿಯ ಅಗಲ 132 ಅಡಿ. ಆರೆಗನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ಬ್ಲಾಕಿನ ಬದಿ ಬರೀ 200 ಅಡಿ ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಎತ್ತಿನ ಬಂಡಿಗಳ ಸಾಲು ಸಲೀಸಾಗಿ ಹಿಂದಿರುಗಲೆಂದು ಬೀದಿಗಳನ್ನು ಇಷ್ಟು ಅಗಲವಾಗಿ ಬಿಟ್ಟರು ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಆದರೆ ಈ ಅಳತೆ ಕಣಿವೆಯನ್ನು ಕಾಣುವುದಕ್ಕೂ ಮೊದಲೇ ಇತ್ತು. 1833ರಲ್ಲಿ ಸ್ಮಿತ್ 'ಝಯನ್ ನಗರ' ಎಂಬ ಆದರ್ಶ ಪವಿತ್ರ ನಗರಕ್ಕಾಗಿ ಬರೆಸಿದ ನಕ್ಷೆಯಲ್ಲೇ ಬೀದಿಗಳಿಗೆ ಈ ಅಗಲ ನಿಗದಿಯಾಗಿತ್ತು. ಅದು ಊರು ಮತ್ತು ಹೊಲವನ್ನು ಕೂಡಿಸುವ ಕಲ್ಪನೆ. ಇಲ್ಲಿ ಒಂದು ಬ್ಲಾಕಿನಲ್ಲಿ ಎಂಟು ನಿವೇಶನಗಳು. ಪ್ರತಿಯೊಂದೂ ಒಂದೂಕಾಲು ಎಕರೆ. ಮನೆ ಬೀದಿಯಿಂದ 20 ಅಡಿ ಹಿಂದೆ. ಉಳಿದ ಜಾಗದಲ್ಲಿ ಹಣ್ಣಿನ ಗಿಡ, ತರಕಾರಿ, ದನ. ಬೆಟ್ಟದಿಂದ ಇಳಿದು ಬರುವ ಸಿಟಿ ಕ್ರೀಕ್ ಹೊಳೆಯ ನೀರು ಬೀದಿಯಂಚಿನ ಕಾಲುವೆಗಳಲ್ಲಿ ಹರಿದು ಈ ತೋಟಗಳಿಗೆ ಉಣಿಸುತ್ತಿತ್ತು. ಧರ್ಮಗ್ರಂಥವನ್ನೂ ನೇಗಿಲನ್ನೂ ಹಿಡಿದ ಸಮುದಾಯಕ್ಕೆ ಹೊಂದುವ ಅಳತೆ ಇದು. ಅಂಗಡಿ ಮುಂಗಟ್ಟುಗಳ ಪೇಟೆಗೆ ಹೊಂದುವುದಲ್ಲ. ಪೇಟೆ ಬಂದಾಗ ಬ್ಲಾಕುಗಳ ಹೊಟ್ಟೆಯೊಳಗೆ ಓಣಿಗಳನ್ನು ಕೊರೆಯಬೇಕಾಯಿತು. ರೀಜೆಂಟ್ ಸ್ಟ್ರೀಟ್, ಎಕ್ಸ್‌ಚೇಂಜ್ ಪ್ಲೇಸ್ ಮುಂತಾದ ಒಳಬೀದಿಗಳು ಹುಟ್ಟಿದ್ದು ಹೀಗೆ. ನನ್ನ ದೃಷ್ಟಿಯಲ್ಲಿ ನಡೆದಾಡುವವರಿಗೆ ಈ ಊರಿನ ಅತ್ಯಂತ ಸೊಗಸಾದ ಭಾಗಗಳು ಇವೇ, ಏಕೆಂದರೆ ಹೊರಗಿನ ಬೀದಿಗಳಲ್ಲಿ ರಸ್ತೆ ದಾಟುವುದೇ ಒಂದು ಪ್ರಯಾಣ. ಅದೇ ಅಗಲದಿಂದ ಲಾಭವೂ ಆಗಿದೆ: 1999ರ ಡಿಸೆಂಬರಿನಲ್ಲಿ ಟ್ರ್ಯಾಕ್ಸ್ ಲಘು ರೈಲು ಆರಂಭವಾದಾಗ, ನಗರದ ಒಳಗೆ ಹಳಿಗಳಿಗೆ ಬೀದಿಯ ನಡುವೆಯೇ ಜಾಗ ಸಿಕ್ಕಿತು.

ಮೂಲಬಿಂದುವಿನ ಪಕ್ಕದ ಹತ್ತು ಎಕರೆಯಲ್ಲಿ ಎರಡು ಕಟ್ಟಡಗಳು ವಿಶೇಷ ಗಮನಕ್ಕೆ ಅರ್ಹ. ಒಂದು ಟ್ಯಾಬರ್ನೇಕಲ್ ಎಂಬ ಸಭಾಭವನ. ಸುಮಾರು 250 ಅಡಿ ಉದ್ದ, 150 ಅಡಿ ಅಗಲದ ಆಮೆಚಿಪ್ಪಿನಾಕಾರದ ಚಾವಣಿ. ಅದನ್ನು ಹೊರುವ ಕಂಬ ಒಳಗೆ ಒಂದೂ ಇಲ್ಲ. ಭಾರವೆಲ್ಲ ಸುತ್ತಲಿನ 44 ಮರಳುಗಲ್ಲಿನ ಕಂಬಗಳ ಮೇಲೆ. ಇದನ್ನು ಸಾಧ್ಯವಾಗಿಸಿದವನು ಸೇತುವೆಗಳನ್ನು ಕಟ್ಟುತ್ತಿದ್ದ ಹೆನ್ರಿ ಗ್ರೋ. ಹೊಳೆಗೆ ಅಡ್ಡಲಾಗಿ ಹಾಕುವ, ಜಾಲರಿಯಂತೆ ಹೆಣೆದ ಮರದ ತೊಲೆಗಳನ್ನೇ ಅವನು ಕಮಾನಾಗಿ ಬಾಗಿಸಿದ. ಕಬ್ಬಿಣ ದುರ್ಲಭವಾಗಿದ್ದ ಕಾಲದಲ್ಲಿ ಮರದ ಗೂಟಗಳಿಂದ ಜೋಡಿಸಿ, ಸೀಳುಬಿಟ್ಟ ಕಡೆ ಹಸಿ ಚರ್ಮದ ಪಟ್ಟಿಗಳಿಂದ ಬಿಗಿದ. 1867ರ ಅಕ್ಟೋಬರಿನಲ್ಲಿ ಅಲ್ಲಿ ಮೊದಲ ಮಹಾಸಭೆ ನಡೆಯಿತು. ರೈಲು ಇನ್ನೂ ಬಂದಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಈ ಕಟ್ಟಡದ ಸಾಹಸ ಅರ್ಥವಾಗುತ್ತದೆ.

ಇನ್ನೊಂದು ದೇವಾಲಯವೇ. 1853ರ ಏಪ್ರಿಲ್ 6ರಂದು ಮೂಲೆಗಲ್ಲು ಇಟ್ಟು, 1893ರ ಏಪ್ರಿಲ್ 6ರಂದು ಪ್ರತಿಷ್ಠಾಪಿಸಿದರು: ಸರಿಯಾಗಿ ನಲವತ್ತು ವರ್ಷ. 1858ರಲ್ಲಿ ಅಮೆರಿಕದ ಸೇನೆ ಯೂಟಾ ಪ್ರಾಂತಕ್ಕೆ ಬರುತ್ತಿದೆ ಎಂದಾಗ ಆಗಷ್ಟೇ ಕಟ್ಟಿದ್ದ ಅಡಿಪಾಯವನ್ನು ಮಣ್ಣು ಮುಚ್ಚಿ ಹೊಲದಂತೆ ಮಾಡಿಬಿಟ್ಟಿದ್ದರು. ಮತ್ತೆ ಅಗೆದು ನೋಡಿದಾಗ ಮರಳುಗಲ್ಲಿನಲ್ಲಿ ಬಿರುಕುಗಳು ಕಂಡವು. ಕೆಟ್ಟಿದ್ದನ್ನು ಕಿತ್ತು ಮತ್ತೆ ಕಟ್ಟಬೇಕಾಯಿತು. ಗೋಡೆಗಳ ಕಲ್ಲು ನೋಡುವುದಕ್ಕೆ ಗ್ರಾನೈಟಿನಂತಿದ್ದರೂ ಭೂವಿಜ್ಞಾನಿಗಳು ಅದನ್ನು ಕ್ವಾರ್ಟ್ಝ್ ಮಾಂಜೋನೈಟ್ ಎನ್ನುತ್ತಾರೆ. ಅದು ಬಂದದ್ದು ಸುಮಾರು 32 ಕಿಲೋಮೀಟರ್ ದೂರದ ಲಿಟಲ್ ಕಾಟನ್‌ವುಡ್ ಕಣಿವೆಯಿಂದ. ಮೊದಲ ಎರಡು ದಶಕ ಎತ್ತಿನ ಬಂಡಿಯಲ್ಲಿ, ಆಮೇಲೆ ರೈಲಿನಲ್ಲಿ. ವಾಸ್ತುಶಿಲ್ಪಿ ಟ್ರೂಮನ್ ಏಂಜೆಲ್ ಗೋಡೆಗಳನ್ನು ಬುಡದಲ್ಲಿ ಒಂಬತ್ತು ಅಡಿ, ತುದಿಯಲ್ಲಿ ಆರು ಅಡಿ ದಪ್ಪ ಇಟ್ಟ. ಈ ದಪ್ಪವೇ ಇವತ್ತಿನ ಎಂಜಿನಿಯರುಗಳಿಗೆ ದೊಡ್ಡ ತಲೆನೋವು. ಆ ಮಾತು ಮುಂದೆ ಬರುತ್ತದೆ.

ಈಗ ಮೇನ್ ಸ್ಟ್ರೀಟಿನಲ್ಲಿ ದಕ್ಷಿಣಕ್ಕೆ ಒಂದೇ ಬ್ಲಾಕು ನಡೆಯೋಣ. ಅಲ್ಲಿ ಎರಕದ ಕಬ್ಬಿಣದ ಮೂರಂತಸ್ತಿನ ಅಂಗಡಿಮುಖವೊಂದಿದೆ. 1869ರ ಮೇ 10ರಂದು ಯೂಟಾದ ಪ್ರಾಮೊಂಟರಿಯಲ್ಲಿ ಪೂರ್ವ–ಪಶ್ಚಿಮದ ರೈಲು ಹಳಿಗಳು ಕೂಡಿದವು; ಮರುವರ್ಷದ ಜನವರಿಯಲ್ಲಿ ಸಾಲ್ಟ್ ಲೇಕ್ ಸಿಟಿಗೂ ರೈಲು ಬಂತು. ರೈಲಿನೊಡನೆ ಹೊರಗಿನ ವ್ಯಾಪಾರಿಗಳೂ ಅಗ್ಗದ ಸರಕೂ ಬಂದರೆ ತನ್ನ ಜನರ ಹಣ, ಕ್ರಮೇಣ ನಿಷ್ಠೆ ಕೂಡ, ಹೊರಗೆ ಹರಿದುಹೋಗುತ್ತದೆ ಎಂದು ಯಂಗ್ ಮೊದಲೇ ಅಂಜಿದ್ದ. ಅದಕ್ಕಾಗಿ 1868ರಲ್ಲಿ ಚರ್ಚಿನ ವ್ಯಾಪಾರಿಗಳನ್ನೆಲ್ಲ ಕೂಡಿಸಿ ಝಯನ್ಸ್ ಕೋಆಪರೇಟಿವ್ ಮರ್ಕಂಟೈಲ್ ಇನ್‌ಸ್ಟಿಟ್ಯೂಷನ್ ಎಂಬ ಸಹಕಾರಿ ಸಂಸ್ಥೆಯನ್ನು ಕಟ್ಟಿಸಿದ. ಜನ ಅದನ್ನು ಝಡ್‌ಸಿಎಂಐ ಎಂದರು. ಅನುಯಾಯಿಗಳು ಇಲ್ಲೇ ಕೊಳ್ಳಬೇಕು, ಹೊರಗಿನವರಲ್ಲಿ ಕೊಳ್ಳಬಾರದು ಎಂಬುದು ಅದರ ಹಿಂದಿದ್ದ ಕಟ್ಟಪ್ಪಣೆ. ಅಂಗಡಿಯ ಫಲಕದ ಮೇಲೆ ಎಲ್ಲವನ್ನೂ ನೋಡುವ ದೇವರ ಕಣ್ಣಿನ ಚಿತ್ರ, ಅದರ ಜೊತೆಗೆ 'ಪ್ರಭುವಿಗೆ ಪಾವಿತ್ರ್ಯ' ಎಂಬ ಬರಹ ಇರುತ್ತಿತ್ತು. 1876ರ ಮುಖ್ಯ ಮಳಿಗೆಯ ಮುಖವೇ ಇಂದೂ ನಿಂತಿರುವುದು. ಹಿಂದಿನ ಕಟ್ಟಡ ಉಳಿದಿಲ್ಲ. ಸಂಸ್ಥೆಯನ್ನು 1999ರಲ್ಲಿ ಹೊರಗಿನ ಕಂಪನಿಗೆ ಮಾರಲಾಯಿತು, ಹೆಸರೂ ಅಳಿಯಿತು. ಆದರೆ ಆ ಕಬ್ಬಿಣದ ಮುಖವನ್ನು ಬಿಚ್ಚಿ, ದುರಸ್ತಿ ಮಾಡಿ, ಚರ್ಚು ತಾನೇ ಹಣ ಹಾಕಿ ಕಟ್ಟಿಸಿ 2012ರ ಮಾರ್ಚ್‌ನಲ್ಲಿ ತೆರೆದ ಸಿಟಿ ಕ್ರೀಕ್ ಸೆಂಟರ್ ಎಂಬ ಮಾಲಿಗೆ ಜೋಡಿಸಲಾಯಿತು. ತೆರೆದು ಮುಚ್ಚಬಹುದಾದ ಗಾಜಿನ ಚಾವಣಿಯ ಈ ಮಾಲಿನೊಳಗೆ, ಹಿಂದೆ ತೋಟಗಳಿಗೆ ನೀರುಣಿಸಿ ಆಮೇಲೆ ಕೊಳವೆಯಲ್ಲಿ ನೆಲದಡಿಗೆ ಸೇರಿದ ಸಿಟಿ ಕ್ರೀಕಿನ ನೆನಪಿಗೆ ಒಂದು ಕೃತಕ ತೊರೆಯೂ ಹರಿಯುತ್ತದೆ.

ಕಟ್ಟಪ್ಪಣೆಯನ್ನು ಎದುರಿಸಿ ನಿಂತವರ ಕಟ್ಟಡ ಇನ್ನೊಂದು ಬ್ಲಾಕು ಮುಂದಿದೆ. ವಾಕರ್ ಸಹೋದರರು ನಾಲ್ವರೂ ಮಾರ್ಮನ್ ಕುಟುಂಬದಿಂದಲೇ ಬಂದ ವ್ಯಾಪಾರಿಗಳು. ಆದಾಯದ ದಶಾಂಶವನ್ನು ಚರ್ಚಿಗೆ ಕೊಡುವ ವಿಷಯದಲ್ಲಿ ಜಗಳವಾಗಿ ಹೊರಬಿದ್ದರು. ಬಹಿಷ್ಕಾರದಿಂದ ಅವರ ಅಂಗಡಿಗೆ ಪೆಟ್ಟು ಬಿದ್ದರೂ, ಬೆಟ್ಟಗಳಲ್ಲಿ ಬೆಳ್ಳಿ, ಸೀಸದ ಗಣಿಗಳು ತೆರೆದಂತೆ ಅವರ ವ್ಯಾಪಾರ ಚೇತರಿಸಿಕೊಂಡಿತು, ಬ್ಯಾಂಕೂ ಬೆಳೆಯಿತು. 1912ರಲ್ಲಿ ಎದ್ದ ವಾಕರ್ ಬ್ಯಾಂಕಿನ ಹದಿನಾರು ಅಂತಸ್ತಿನ ಕಟ್ಟಡದ ತುದಿಯಲ್ಲಿ ಹವಾಮಾನ ಹೇಳುವ ದೀಪಗೋಪುರವಿದೆ: ನೀಲಿ ಬೆಳಕು ಸ್ಥಿರವಾಗಿದ್ದರೆ ಶುಭ್ರ ಆಕಾಶ, ಮಿನುಗಿದರೆ ಮೋಡ, ಕೆಂಪು ಸ್ಥಿರವಾಗಿದ್ದರೆ ಮಳೆ, ಮಿನುಗಿದರೆ ಹಿಮ.

ಗಣಿಯ ಹಣ ತನ್ನದೇ ಪೇಟೆಯನ್ನು ಕಟ್ಟಿಕೊಂಡದ್ದು ಇನ್ನೂ ದಕ್ಷಿಣಕ್ಕೆ, 300 ಮತ್ತು 400 ಸೌತ್ ಬೀದಿಗಳ ನಡುವೆ. ಸ್ಯಾಮ್ಯುಯೆಲ್ ನ್ಯೂಹೌಸ್ ಎಂಬ ಗಣಿ ಉದ್ಯಮಿ ತಾಮ್ರದಲ್ಲಿ ಗಳಿಸಿದ್ದನ್ನು ತಂದು ಎಕ್ಸ್‌ಚೇಂಜ್ ಪ್ಲೇಸಿನ ಬಾಯಲ್ಲಿ ಬಾಸ್ಟನ್ ಬಿಲ್ಡಿಂಗ್ ಮತ್ತು ನ್ಯೂಹೌಸ್ ಬಿಲ್ಡಿಂಗ್ ಎಂಬ ಹನ್ನೊಂದು ಅಂತಸ್ತಿನ ಜೋಡಿ ಕಟ್ಟಡಗಳನ್ನು ಎಬ್ಬಿಸಿದ. ಪಕ್ಕದಲ್ಲೇ ಗಣಿ ಷೇರುಗಳ ವಿನಿಮಯ ಕೇಂದ್ರಕ್ಕೂ ವರ್ತಕರ ಕ್ಲಬ್ಬಿಗೂ ನೆಲ ಕೊಟ್ಟ. ದೇವಾಲಯದಿಂದ ಹೆಚ್ಚು ಕಡಿಮೆ ಒಂದು ಕಿಲೋಮೀಟರ್ ದೂರದಲ್ಲಿ, ಚರ್ಚಿನ ಹಂಗಿಲ್ಲದ ಇನ್ನೊಂದು ಕೇಂದ್ರವನ್ನು ಹುಟ್ಟುಹಾಕುವುದು ಅವನ ಉದ್ದೇಶವಾಗಿತ್ತು ಎಂಬುದರಲ್ಲಿ ಸಂದೇಹ ಪಡಬೇಕಾಗಿಲ್ಲ, ಏಕೆಂದರೆ ಸ್ಪರ್ಧೆ ಎರಡೂ ತುದಿಯಲ್ಲಿ ಕಲ್ಲಿನಲ್ಲೇ ಬರೆದಿದೆ. ಉತ್ತರದ ತುದಿಯಲ್ಲಿ, ದೇವಾಲಯದ ಎದುರಿಗೆ, ಚರ್ಚು 1911ರಲ್ಲಿ ಹೊಟೆಲ್ ಯೂಟಾ ಎಂಬ ಬಿಳಿಯ ಭವ್ಯ ಹೊಟೆಲನ್ನು ತೆರೆಯಿತು. ದಕ್ಷಿಣದಲ್ಲಿ 1915ರಲ್ಲಿ ನ್ಯೂಹೌಸ್ ಹೊಟೆಲ್ ಬಂತು. ಅಷ್ಟರಲ್ಲಿ ನ್ಯೂಹೌಸನ ಐಶ್ವರ್ಯ ಕರಗತೊಡಗಿತ್ತು. ಅವನ ಹೆಸರಿನ ಹೊಟೆಲನ್ನು 1983ರಲ್ಲಿ ಸ್ಫೋಟಕ ಇಟ್ಟು ಕೆಡವಿದರು. ಹೊಟೆಲ್ ಯೂಟಾ 1987ರಲ್ಲಿ ಮುಚ್ಚಿದರೂ ಉಳಿಯಿತು. 1993ರಿಂದ ಅದು ಜೋಸೆಫ್ ಸ್ಮಿತ್ ಸ್ಮಾರಕ ಭವನ. ಷೇರು ಕೇಂದ್ರ 1950ರ ದಶಕದಲ್ಲಿ ಯುರೇನಿಯಂ ಗಣಿಗಳ ಪುಡಿಗಾಸಿನ ಷೇರುಗಳಿಂದ ಮತ್ತೊಮ್ಮೆ ಕಿಕ್ಕಿರಿಯಿತು.

ಗಣಿ ಹಣ ಮೇನ್ ಸ್ಟ್ರೀಟನ್ನು ಬಿಟ್ಟು ಸೌತ್ ಟೆಂಪಲ್ ಬೀದಿಯಲ್ಲಿ ಪೂರ್ವಕ್ಕೂ ಹರಿಯಿತು. ಪಾರ್ಕ್ ಸಿಟಿಯ ಬೆಳ್ಳಿಯಿಂದ ಶ್ರೀಮಂತನಾಗಿ ಅಮೆರಿಕದ ಸೆನೆಟಿಗೂ ಹೋದ ಥಾಮಸ್ ಕರ್ನ್ಸ್ 1902ರಲ್ಲಿ ಅಲ್ಲಿ ಕಟ್ಟಿಸಿದ ಬಂಗಲೆ ಈಗ ರಾಜ್ಯಪಾಲರ ಅಧಿಕೃತ ನಿವಾಸ. ಕರ್ನ್ಸ್ ಕ್ಯಾಥೊಲಿಕ್, 1909ರಲ್ಲಿ ಪ್ರತಿಷ್ಠೆಗೊಂಡ ಮ್ಯಾಡಲೀನ್ ಕ್ಯಾಥೀಡ್ರಲ್ ಅದೇ ಬೀದಿಯಲ್ಲಿದೆ. ಊರಿನ ಎರಡು ಪತ್ರಿಕೆಗಳಲ್ಲೂ ಇದೇ ಒಡಕು: 1850ರಿಂದ ಬರುತ್ತಿರುವ ಡೆಸೆರೆಟ್ ನ್ಯೂಸ್ ಚರ್ಚಿನದು, ಕರ್ನ್ಸ್ 1901ರಲ್ಲಿ ಪಾಲುದಾರನಾಗಿ ಕೊಂಡ ಸಾಲ್ಟ್ ಲೇಕ್ ಟ್ರಿಬ್ಯೂನ್ ವಿರೋಧಿಗಳದಾಗಿತ್ತು.

ನಗರಾಡಳಿತದ ಮನೆ ಎಲ್ಲಿದೆ ನೋಡಿ: 451 ಸೌತ್ ಸ್ಟೇಟ್ ಸ್ಟ್ರೀಟ್. ಸ್ಟೇಟ್ ಸ್ಟ್ರೀಟ್ ಎಂದರೆ 100 ಈಸ್ಟ್. ಆದ್ದರಿಂದ ದೇವಾಲಯದಿಂದ ನಾಲ್ಕೂವರೆ ಬ್ಲಾಕು ದಕ್ಷಿಣಕ್ಕೆ, ಒಂದು ಬ್ಲಾಕು ಪೂರ್ವಕ್ಕೆ. 1894ರಲ್ಲಿ ಮುಗಿದ ಈ ಸಿಟಿ ಅಂಡ್ ಕೌಂಟಿ ಬಿಲ್ಡಿಂಗ್, ಬೂದುಬಣ್ಣದ ಮರಳುಗಲ್ಲಿನ ದಪ್ಪ ಕಮಾನುಗಳೂ ಎತ್ತರದ ಗಡಿಯಾರ ಗೋಪುರವೂ ಇರುವ ಕಟ್ಟಡ. ಹಿಂದೆ ವಲಸೆ ಬಂಡಿಗಳು ಬಂದು ತಂಗುತ್ತಿದ್ದ ಚೌಕದಲ್ಲಿ ಇದು ಎದ್ದಿತು. 1895ರಲ್ಲಿ ಯೂಟಾದ ಸಂವಿಧಾನ ರಚನಾಸಭೆ ಸೇರಿದ್ದು ಇಲ್ಲಿ. 1896ರ ಜನವರಿ 4ರಂದು ಯೂಟಾ ರಾಜ್ಯವಾದ ಮೇಲೆ 1916ರಲ್ಲಿ ಬೆಟ್ಟದ ಮೇಲೆ ಶಾಸನಭವನ ಸಿದ್ಧವಾಗುವವರೆಗೆ ರಾಜ್ಯದ ಆಡಳಿತವೂ ಇಲ್ಲೇ ನಡೆಯಿತು. ದೇವಾಲಯ ಮುಗಿದ ಮರುವರ್ಷವೇ ಇದು ಮುಗಿದದ್ದು ಆ ಕಾಲದ ಊರಿನ ಎರಡು ಶಕ್ತಿಗಳ ಸಮಬಲವನ್ನು ತೋರಿಸುತ್ತದೆ.

ಸಂಖ್ಯೆಗಳು ಎಷ್ಟು ದೂರ ಹೋಗುತ್ತವೆ ಎಂಬುದಕ್ಕೆ ಒಂದು ಉದಾಹರಣೆ: 3900 ಸೌತ್ ಮತ್ತು ಸ್ಟೇಟ್ ಸ್ಟ್ರೀಟ್ ಕೂಡುವಲ್ಲಿ, ಮೂಲಬಿಂದುವಿನಿಂದ ಒಂಬತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಪೀಟ್ ಹಾರ್ಮನ್ ಎಂಬಾತನ ಉಪಾಹಾರ ಗೃಹವಿತ್ತು. 1952ರಲ್ಲಿ ಕರ್ನಲ್ ಸ್ಯಾಂಡರ್ಸ್ ತನ್ನ ಕೋಳಿ ಪಾಕದ ಮೊದಲ ಪರವಾನಗಿಯನ್ನು ಕೊಟ್ಟದ್ದು ಇಲ್ಲಿಗೆ. ಕೆಂಟಕಿ ಫ್ರೈಡ್ ಚಿಕನ್ ಎಂಬ ಹೆಸರು ಮೊದಲು ಫಲಕವೇರಿದ್ದು ಕೆಂಟಕಿಯಲ್ಲಲ್ಲ, ಯೂಟಾದಲ್ಲಿ.

ಉತ್ತರದ ಚರ್ಚಿಗೂ ದಕ್ಷಿಣದ ಪೇಟೆಗೂ ನಡುವಿನ ಈ ಎಳೆದಾಟ ಹಳೆಯ ಕಾಲದ್ದು ಮಾತ್ರ ಎಂದುಕೊಳ್ಳಬಾರದು. 1999ರಲ್ಲಿ ನಗರಸಭೆ ಮೇನ್ ಸ್ಟ್ರೀಟಿನ ಒಂದು ಬ್ಲಾಕನ್ನೇ, ದೇವಾಲಯಕ್ಕೂ ಚರ್ಚಿನ ಕಚೇರಿಗಳಿಗೂ ನಡುವಿನ ಭಾಗವನ್ನು, 81 ಲಕ್ಷ ಡಾಲರಿಗೆ ಚರ್ಚಿಗೆ ಮಾರಿತು. ಅಲ್ಲಿ ಹೂದೋಟದ ಚೌಕ ಬಂತು. ಸಾರ್ವಜನಿಕರು ನಡೆದು ಹೋಗುವ ಹಕ್ಕನ್ನು ನಗರ ಉಳಿಸಿಕೊಂಡಿತ್ತು. ಆದರೆ ಅಲ್ಲಿ ಭಾಷಣ, ಕರಪತ್ರ, ಪ್ರತಿಭಟನೆ ಕೂಡದೆಂಬ ಷರತ್ತೂ ಇತ್ತು. ನಡೆಯುವ ಹಕ್ಕಿರುವಲ್ಲಿ ಮಾತಾಡುವ ಹಕ್ಕೂ ಇರಬೇಕೆಂದು 2002ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಆಗ ನಗರ ಆ ನಡಿಗೆ ಹಕ್ಕನ್ನೇ ಬಿಟ್ಟುಕೊಟ್ಟು, ಬದಲಿಗೆ ಊರಿನ ಪಶ್ಚಿಮ ಭಾಗದ ಬಡ ಬಡಾವಣೆಯಲ್ಲಿ ಸಮುದಾಯ ಕೇಂದ್ರಕ್ಕಾಗಿ ಜಾಗ ಪಡೆಯಿತು. ಊರಿನ ಮುಖ್ಯ ಬೀದಿಯ ಮೊದಲ ಬ್ಲಾಕು ಹೀಗೆ ಖಾಸಗಿ ನೆಲವಾಯಿತು. ಬಡಾವಣೆಗೆ ಕೇಂದ್ರ ಸಿಕ್ಕಿದ್ದು ಒಳ್ಳೆಯದೇ. ಆದರೂ ಎಲ್ಲರಿಗೂ ಸೇರಿದ ಬೀದಿಯನ್ನು ಮಾರಬಾರದಿತ್ತು ಎಂದೇ ನನಗನಿಸುತ್ತದೆ.

ಇಷ್ಟೆಲ್ಲ ಭಿನ್ನವಾದ ಕಟ್ಟಡಗಳಿಗೆ ಇರುವ ಅಪಾಯ ಮಾತ್ರ ಒಂದೇ. ಊರಿನ ಪೂರ್ವಕ್ಕೆ ಗೋಡೆಯಂತೆ ನಿಂತಿರುವ ವಾಸಾಚ್ ಬೆಟ್ಟಗಳನ್ನು ಎತ್ತಿದ್ದು ಅವುಗಳ ಬುಡದಲ್ಲೇ ಸಾಗುವ ವಾಸಾಚ್ ಸ್ತರಭಂಗ, ಅಂದರೆ ನೆಲದಡಿಯ ಬಂಡೆಗಳು ಬಿರಿದು ಸರಿಯುವ ರೇಖೆ. ಕಣಿವೆಯ ತಳವೋ ಹಿಮಯುಗದಲ್ಲಿ ಇಲ್ಲಿ ಹರಡಿದ್ದ ಬಾನ್‌ವಿಲ್ ಎಂಬ ಮಹಾಸರೋವರ ಬಿಟ್ಟುಹೋದ ಮೆದು ಹೂಳು. ನೆಲ ಅಲುಗಿದಾಗ ಇಂಥ ಹೂಳು ಕಂಪನವನ್ನು ಹಿಗ್ಗಿಸುತ್ತದೆ. ಈ ಪ್ರದೇಶದಲ್ಲಿ 2014ರಿಂದ ಐವತ್ತು ವರ್ಷಗಳೊಳಗೆ 6.75 ಅಥವಾ ಹೆಚ್ಚಿನ ತೀವ್ರತೆಯ ಭೂಕಂಪವಾಗುವ ಸಂಭವ ಶೇ. 43 ಎಂದು 2016ರಲ್ಲಿ ತಜ್ಞರ ತಂಡ ಅಂದಾಜು ಮಾಡಿತು. 2020ರ ಮಾರ್ಚ್ 18ರಂದು 5.7 ತೀವ್ರತೆಯ ಕಂಪನವೇ ದೇವಾಲಯದ ಶಿಖರದಲ್ಲಿನ ಮೊರೊನೈ ಎಂಬ ದೇವದೂತನ ಪ್ರತಿಮೆಯ ಕೈಯಿಂದ ಕಹಳೆಯನ್ನು ಕೆಡವಿತು. 1910ರ ರಿಯೋ ಗ್ರಾಂಡ್ ರೈಲು ನಿಲ್ದಾಣದ ಕಟ್ಟಡ ಜಖಂಗೊಂಡು ಖಾಲಿಯಾಯಿತು.

ದಪ್ಪ ಕಲ್ಲಿನ ಗೋಡೆ ಭೂಕಂಪಕ್ಕೆ ಗಟ್ಟಿ ಎಂಬುದು ತಪ್ಪು ತಿಳಿವಳಿಕೆ. ನೆಲ ಪಕ್ಕಕ್ಕೆ ಸರಿದಾಗ ಕಟ್ಟಡದ ಮೇಲೆ ಬೀಳುವ ಬಲ ಅದರ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ; ಕಲ್ಲು ಮತ್ತು ಗಾರೆ ಒತ್ತಡವನ್ನು ತಾಳುತ್ತವೆ, ಎಳೆತವನ್ನು ತಾಳುವುದಿಲ್ಲ. ಹಾಗಾಗಿ ಭಾರವೇ ಶತ್ರು. ಗೋಡೆಯ ಹೊರಗೆ ಉಕ್ಕು ಕಟ್ಟಿದರೆ ಹಳೆಯ ರೂಪ ಹಾಳಾಗುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಕಟ್ಟಡವನ್ನು ನೆಲದಿಂದ ಬಿಡಿಸುವುದು. ಅಡಿಪಾಯದ ಕೆಳಗೆ ರಬ್ಬರು ಮತ್ತು ಉಕ್ಕಿನ ಪದರಗಳ, ನಡುವೆ ಸೀಸದ ತಿರುಳಿರುವ ದಿಂಡುಗಳನ್ನು ಕೂರಿಸುತ್ತಾರೆ. ಅವು ಮೇಲಿನ ಭಾರವನ್ನು ಹೊರುವಷ್ಟು ಗಟ್ಟಿ, ಪಕ್ಕಕ್ಕೆ ವಾಲುವಷ್ಟು ಮೆದು. ನೆಲ ವೇಗವಾಗಿ ಹಿಂದೆ ಮುಂದೆ ಎಳೆದಾಡಿದಾಗ ಮೇಲಿನ ಕಟ್ಟಡ ನಿಧಾನವಾಗಿ ತೂಗುತ್ತದೆ. ಸೀಸ ಬಾಗಿ ಬಾಗಿ ಆ ಶಕ್ತಿಯನ್ನು ಹೀರುತ್ತದೆ. ಕಟ್ಟಡ ಸರಿದಾಡಲು ಸುತ್ತ ಒಂದು ಕಂದಕವನ್ನು ಖಾಲಿ ಬಿಡಬೇಕು. ಐತಿಹಾಸಿಕ ಕಟ್ಟಡವೊಂದಕ್ಕೆ ಜಗತ್ತಿನಲ್ಲೇ ಮೊದಲು ಈ ಚಿಕಿತ್ಸೆ ನಡೆದದ್ದು ಇಲ್ಲಿನ ಸಿಟಿ ಅಂಡ್ ಕೌಂಟಿ ಬಿಲ್ಡಿಂಗಿಗೆ. 1989ರಲ್ಲಿ ಮುಗಿದ ಆ ಕೆಲಸದಲ್ಲಿ ನಾಲ್ಕುನೂರಕ್ಕೂ ಹೆಚ್ಚು ದಿಂಡುಗಳನ್ನು ಕೂರಿಸಿದರು. 2008ಕ್ಕೆ ಶಾಸನಭವನಕ್ಕೂ ಆಯಿತು. ಹಿಂದೆ ದೇವಾಲಯಕ್ಕೆ ಎದುರಾಗಿ ನಿಂತ ಕಟ್ಟಡ ತೋರಿಸಿದ ದಾರಿಯನ್ನೇ ಈಗ ದೇವಾಲಯ ಹಿಡಿದಿದೆ: 2019ರ ಡಿಸೆಂಬರ್ ಕೊನೆಯಲ್ಲಿ ಅದನ್ನು ಮುಚ್ಚಿ, ಹಳೆಯ ಅಡಿಪಾಯದ ಕೆಳಗೆ ಅಡ್ಡಲಾಗಿ ಕೊಳವೆಗಳನ್ನು ತೂರಿಸಿ, ಕಾಂಕ್ರೀಟು ತುಂಬಿ, ಇಡೀ ಭಾರವನ್ನು 98 ದಿಂಡುಗಳ ಮೇಲೆ ಇಳಿಸುವ ಕೆಲಸ ಕೈಗೊಂಡರು. 2027ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಎಲ್ಲ ಧರ್ಮದವರಿಗೂ ಅದನ್ನು ತೆರೆದಿಡುವುದಾಗಿ ಚರ್ಚು ಘೋಷಿಸಿದೆ.

ದೊಡ್ಡ ಕಟ್ಟಡಗಳಿಗೆ ಹಣವಿದೆ, ಕಾಳಜಿಯಿದೆ. ನಿಜವಾದ ಆತಂಕ ಇರುವುದು ಸಾಮಾನ್ಯ ಮನೆಗಳಲ್ಲಿ. ಒಳಗೆ ಉಕ್ಕಿನ ಸರಳಿಲ್ಲದ ಇಟ್ಟಿಗೆ ಮನೆಗಳನ್ನು ಈ ಕಣಿವೆಯಲ್ಲಿ 1970ರ ದಶಕದವರೆಗೂ ಕಟ್ಟಿದರು. ನಗರದಲ್ಲಿ ಅಂಥವು ಸಾವಿರಾರು ಇವೆ. ದೊಡ್ಡ ಕಂಪನವಾದರೆ ಮೊದಲು ಚಿಮಣಿ ಬೀಳುತ್ತದೆ, ಆಮೇಲೆ ಗೋಡೆ ಹೊರಕ್ಕೆ ವಾಲಿ ಚಾವಣಿ ಒಳಕ್ಕೆ ಕುಸಿಯುತ್ತದೆ. ನಗರಾಡಳಿತ 'ಫಿಕ್ಸ್ ದ ಬ್ರಿಕ್ಸ್' ಎಂಬ ಯೋಜನೆಯಲ್ಲಿ, ಒಕ್ಕೂಟ ಸರ್ಕಾರದ ಅನುದಾನ ತಂದು, ಚಾವಣಿಯನ್ನು ಗೋಡೆಗೆ ಉಕ್ಕಿನ ಪಟ್ಟಿಗಳಿಂದ ಬಿಗಿಯಲು, ಚಿಮಣಿಯನ್ನು ಭದ್ರಪಡಿಸಲು ಮನೆಯೊಡೆಯರಿಗೆ ನೆರವಾಗುತ್ತಿದೆ. ಈ ಕೆಲಸ ಹೊರಗಿನಿಂದ ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಜನ ರಾತ್ರಿ ಮಲಗುವುದು ಆ ಚಾವಣಿಗಳ ಕೆಳಗೆ. ಆದ್ದರಿಂದ ದೇವಾಲಯದ 98 ದಿಂಡುಗಳಷ್ಟೇ ಶ್ರದ್ಧೆಯಿಂದ, ಅವುಗಳಿಗಿಂತ ಹೆಚ್ಚು ಬೇಗ, ಈ ಪಟ್ಟಿಗಳು ಮನೆ ಮನೆಗೂ ತಲುಪಬೇಕಾಗಿದೆ.